ನೆರಳು ಬಂತು, ಛತ್ರಿ ಬರಲಿಲ್ಲ

ನಮ್ಮ ಊರಿನಲ್ಲಿ ಯಾವ ವಸ್ತುವಿಗೇ ಆಗಲಿ ದುಡ್ಡು ಕೊಟ್ಟ ಮೇಲೆ ಮೊದಲು ಬರುವುದು ಅದರ ನೆರಳು. ವಸ್ತು ಆಮೇಲೆ ಬರುತ್ತದೆ. ಅಂಗಡಿಗೆ ಹೋಗಿ ಕೊಂಡು ಕೈಯಲ್ಲಿ ಹಿಡಿದು ತರುತ್ತಿದ್ದ ಕಾಲದಲ್ಲಿ ಎರಡರ ನಡುವೆ ಹೆಚ್ಚು ಅಂತರವಿರುತ್ತಿರಲಿಲ್ಲ, ಹಾಗಾಗಿ ಯಾರೂ ಅದನ್ನು ದೊಡ್ಡ ಮಾತು ಮಾಡುತ್ತಿರಲಿಲ್ಲ. ಬಡಗಿಗೆ ಮುಂಗಡ ಕೊಟ್ಟವರ ಮನೆಯಲ್ಲಿ ಮಾತ್ರ ಮಂಚದ ನೆರಳು ತಿಂಗಳುಗಟ್ಟಲೆ ನೆಲದ ಮೇಲೆ ಬಿದ್ದಿರುತ್ತಿತ್ತು. ಹೆಂಗಸರು ಅದನ್ನು ತುಳಿಯದೆ ಸುತ್ತಿ ಹೋಗುತ್ತಿದ್ದರು. ಒಂದು ಕಾಲು ಗಿಡ್ಡವಾಗಿ ಕಂಡರೆ ಬಡಗಿಗೆ ಹೇಳಿ ಕಳಿಸುತ್ತಿದ್ದರು. ಈಗ ಎಲ್ಲರೂ ಫೋನಿನಲ್ಲೇ ತರಿಸುವುದರಿಂದ ಬೀದಿಯಲ್ಲಿ ಒಂದು ಸುತ್ತು ಬಂದರೆ ಯಾರ ಮನೆಗೆ ಏನು ಬರಲಿದೆ ಎಂದು ಗೊತ್ತಾಗಿಬಿಡುತ್ತದೆ. ಗೋಡೆಗೆ ಒರಗಿದ ಸೈಕಲ್ಲಿನ ನೆರಳು, ಜಗುಲಿಯ ಮೇಲೆ ಕುಕ್ಕರಿನ ನೆರಳು. ವಸ್ತು ಬಂದಾಗ ತನ್ನ ನೆರಳಿನ ಮೇಲೆ ಹೋಗಿ ಕೂರುತ್ತದೆ. ದುಡ್ಡು ವಾಪಸ್ ಬಂದರೆ ನೆರಳು ಎದ್ದು ಹೋಗುತ್ತದೆ.

ನಾನು ಪದವಿ ಮುಗಿಸಿದ ಮೇಲೆ ದೊಡ್ಡಮ್ಮನ ಮನೆಯಲ್ಲೇ ಉಳಿದವಳು. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ, ಪುಟ್ಟತಾಯಮ್ಮ. ಮಾರ್ಕೆಟ್ಟಿನಲ್ಲಿ ಗಡಿಯಾರದ ಕಂಬದ ಎದುರು ಸೊಪ್ಪು ಮಾರುತ್ತಾಳೆ. ನನಗೆ ಮಾತು ಕಡಿಮೆ. 'ಮುಂದೇನು ಮಾಡ್ತೀಯಾ' ಎಂದು ಯಾರಾದರೂ ಕೇಳಿದರೆ ನಿಜವಾದ ಉತ್ತರ ಹುಡುಕುತ್ತಾ ನಿಂತುಬಿಡುತ್ತೇನೆ. ಅದು ಸಿಗುವ ಹೊತ್ತಿಗೆ ಕೇಳಿದವರು ಹೊರಟುಹೋಗಿರುತ್ತಾರೆ. ದೊಡ್ಡಮ್ಮನ ಪಕ್ಕ ಕೂತರೆ ಆ ತೊಂದರೆ ಇಲ್ಲ. ಅಲ್ಲಿ ಎಲ್ಲರೂ ಸೊಪ್ಪಿನ ಬೆಲೆಯನ್ನಷ್ಟೇ ಕೇಳುತ್ತಾರೆ. ಬೆಲೆ ಕೇಳಿದ ಮೇಲೆ ಕೊಳ್ಳಬೇಕೋ ಮುಂದೆ ಹೋಗಬೇಕೋ ಎಂದು ಗಿರಾಕಿ ಯೋಚಿಸುವ ಒಂದು ಗಳಿಗೆ ಇದೆಯಲ್ಲ, ಅಷ್ಟು ಗದ್ದಲದ ನಡುವೆಯೂ ಅದೊಂದು ಪುಟ್ಟ ಮೌನ. ಅದಕ್ಕಾಗಿಯೇ ನಾನು ಅಲ್ಲಿ ಹೋಗಿ ಕೂರುತ್ತೇನೆ ಎಂದರೂ ತಪ್ಪಿಲ್ಲ.

ಈ ಸಲ ಬೇಸಿಗೆ ಶುರುವಾಗುತ್ತಿದ್ದಂತೆ ದೊಡ್ಡಮ್ಮನ ಹಳೆಯ ಛತ್ರಿ ಗಾಳಿಗೆ ಮುರಿದುಬಿತ್ತು. ಬಿಸಿಲಿಗೆ ಸೊಪ್ಪು ಒಂದು ಗಂಟೆ ತಡೆಯುವುದಿಲ್ಲ. ಮೆಂತ್ಯ ತಲೆ ಬಗ್ಗಿಸುತ್ತದೆ, ಸಬ್ಬಸಿಗೆ ಕೂದಲಿನಂತೆ ಅಂಟಿಕೊಳ್ಳುತ್ತದೆ. ಚೀಟಿ ಎತ್ತಿದ ದುಡ್ಡು ಕೈಯಲ್ಲಿತ್ತು. ನಾನೇ ಫೋನಿನಲ್ಲಿ ಹುಡುಕಿದೆ. 'ತಂಪುಕೂಟ' ಎಂಬ ಹೆಸರಿನ ಮಾರಾಟಗಾರನ ಹತ್ತಿರ ಮಾರ್ಕೆಟ್ಟಿಗೆ ಸರಿಹೋಗುವ ದೊಡ್ಡ ಛತ್ರಿ ಇತ್ತು. ದಪ್ಪ ಬಟ್ಟೆ, ಕಬ್ಬಿಣದ ಕೋಲು, ಎರಡು ಸಾವಿರದ ನಾನೂರು ರೂಪಾಯಿ.

"ಖುದ್ದೂಸ್ ಸಾಬ್ರ ಅಂಗಡೀಲಿ ಇದೇ ಛತ್ರಿಗೆ ಇನ್ನೂ ಇನ್ನೂರು ಜಾಸ್ತಿ ಹೇಳ್ತಾರೆ. ಒತ್ತು ಮಗಾ, ಒತ್ತು," ಎಂದಳು ದೊಡ್ಡಮ್ಮ. ಒತ್ತಿದೆ.

ಮರುದಿನ ನಾವು ಬುಟ್ಟಿಗಳನ್ನು ಇಳಿಸುವ ಮೊದಲೇ ನೆರಳು ಬಂದು ಕೂತಿತ್ತು. ಅಂಚಿನಲ್ಲಿ ಅಲೆಅಲೆಯಾಗಿದ್ದ ದುಂಡನೆಯ ನೆರಳು, ಅದರಿಂದ ಇಳಿದುಬಂದ ಕೋಲಿನ ಒಂದು ಕಪ್ಪು ಗೆರೆ. ಮೇಲೆ ನೋಡಿದರೆ ಬರಿಯ ಆಕಾಶ. ದೊಡ್ಡಮ್ಮ ಸೊಪ್ಪನ್ನು ಅದರೊಳಗೆ ಜೋಡಿಸಿ, ತಾನೂ ಒಳಗೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಯ್ಯ, ಎಷ್ಟು ತಣ್ಣಗೈತೆ," ಎಂದಳು.

ಪಕ್ಕದಲ್ಲಿ ನಿಂಬೆಹಣ್ಣು ಮಾರುವ ಜವರಪ್ಪ ಇಣುಕಿ ನೋಡಿದ. ಯಾವಾಗಲೂ ದೊಡ್ಡಮ್ಮನ ಕಾಲೆಳೆಯುವುದು ಅವನ ಅಭ್ಯಾಸ.

"ಅಕ್ಕಾ, ಛತ್ರಿ ಬರೋವರ್ಗೂ ಏನೂ ಮಾತಾಡಬ್ಯಾಡ. ದೃಷ್ಟಿಯಾಗಿ ಕೋಲು ಮುರಿದೋಗ್ತದೆ."

"ನಿನ್ನ ದೃಷ್ಟಿಗೆ ನಿನ್ನ ನಿಂಬೆಹಣ್ಣನ್ನೇ ನಿವಾಳಿಸ್ತೀನಿ ಬಿಡೋ."

ಛತ್ರಿ ಆ ವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನಿಜ ಹೇಳಬೇಕೆಂದರೆ ಯಾರೂ ಕಾಯಲೂ ಇಲ್ಲ. ಸಂಜೆ ಮಡಚಿ ಹೊತ್ತುಕೊಂಡು ಹೋಗುವ ಕೆಲಸವಿಲ್ಲ, ಗಾಳಿಗೆ ಹಾರುವ ಭಯವಿಲ್ಲ, ಕದಿಯುವವರಿಲ್ಲ. ಹೊತ್ತು ಸರಿದ ಹಾಗೆ ನೆರಳು ಸರಿಯುತ್ತಿತ್ತು, ಅದರ ಹಿಂದೆ ದೊಡ್ಡಮ್ಮ ಬುಟ್ಟಿಗಳನ್ನು ಸರಿಸುತ್ತಿದ್ದಳು, ಅಷ್ಟೆ. ಮಧ್ಯಾಹ್ನದ ಹೊತ್ತಿಗೂ ಕೊತ್ತಂಬರಿ ಬೆಳಗಿನಂತೆಯೇ ಇರುತ್ತಿತ್ತು. ಒಂದು ದಿನ ಟೀ ಕುಡಿಯುತ್ತಾ ಕೂತಿದ್ದಾಗ ಫೋನಿನಲ್ಲಿ, ಕೊಂಡದ್ದು ಹೇಗಿದೆ, ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಪ್ರಶ್ನೆ ಬಂತು.

"ಎಷ್ಟು ಕೊಡಬಹುದು?" ದೊಡ್ಡಮ್ಮ ಕೇಳಿದಳು.

"ಜಾಸ್ತಿ ಅಂದ್ರೆ ಐದು."

"ಐದೂ ಕೊಡು. ನಮ್ಮ ಗಂಟೇನು ಹೋಗ್ತದೆ? ನೆರಳು ತುಂಬಾ ಚೆನ್ನಾಗೈತೆ, ಸೊಪ್ಪು ಬಾಡ್ತಿಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ ಅಂತ ಬರಿ. ಒಂದು ಫೋಟೋನೂ ಹಾಕು."

ಅವಳು ಹೇಳಿದಂತೆಯೇ ಬರೆದೆ. ಟೀ ಲೋಟವನ್ನು ಅವಳು ಕೆಳಗಿಟ್ಟ ಮೇಲೆ ನೆರಳಿನದೊಂದು ಫೋಟೋ ತೆಗೆದು ಹಾಕಿದೆ. ಅದನ್ನು ನೋಡಿ ಜವರಪ್ಪ ತನಗೂ ಒಂದು ತರಿಸಿದ. ಅವನದು ಮರುದಿನವೇ ಬಂತು, ನೆರಳು. ಆಮೇಲೆ ಹೂವಿನವರು, ಸೌತೆಕಾಯಿಯವರು, ಬಳೆಯವರು. ಹದಿನೈದು ದಿನದಲ್ಲಿ ನಮ್ಮ ಸಾಲಿನುದ್ದಕ್ಕೂ ಒಂದಕ್ಕೊಂದು ಅಂಟಿಕೊಂಡ ದುಂಡು ನೆರಳುಗಳು. ಒಬ್ಬರಿಗೂ ಛತ್ರಿ ಬಂದಿರಲಿಲ್ಲ. ಎಲ್ಲರೂ ಐದೈದು ಸ್ಟಾರ್ ಕೊಟ್ಟಿದ್ದರು. ಸಾಲಿನ ಕೊನೆಯಲ್ಲಿ ನಿಜವಾದ ಛತ್ರಿಗಳ ಅಂಗಡಿ ಇಟ್ಟುಕೊಂಡಿದ್ದ ಖುದ್ದೂಸ್ ಸಾಬರು ಆ ನೆರಳುಗಳನ್ನು ದಾಟಿಕೊಂಡು ಮನೆಗೆ ಹೋಗುವಾಗ ಏನೂ ಅನ್ನುತ್ತಿರಲಿಲ್ಲ, ಒಮ್ಮೆ ಆಕಾಶ ನೋಡುತ್ತಿದ್ದರು. ಆ ನೋಟ ನನಗೆ ಅರ್ಥವಾಗಲು ಸ್ವಲ್ಪ ತಡವಾಯಿತು.

ಮೊದಲ ಮಳೆ ಒಂದು ಸಂಜೆ ಬಂತು. ಮುನ್ಸೂಚನೆ ಇರಲಿಲ್ಲ, ಮೋಡ ಕವಿದದ್ದೇ ನೆರಳುಗಳೆಲ್ಲ ಮಾಯವಾದವು, ಹಿಂದೆಯೇ ದಪ್ಪ ಹನಿ. ದೊಡ್ಡಮ್ಮ ಗೋಣಿಚೀಲ ಹೊದಿಸುವಷ್ಟರಲ್ಲಿ ಸೊಪ್ಪಿನ ಕಂತೆಗಳು ಕೆಸರುನೀರಿನಲ್ಲಿ ತೇಲುತ್ತಿದ್ದವು. ದಂಟಿನ ಸೊಪ್ಪು ಬಣ್ಣ ಬಿಟ್ಟು ನೀರು ಕೆಂಪಗೆ ಹರಿಯಿತು. ಆ ರಾತ್ರಿ ಅವಳು ಊಟಕ್ಕೆ ಕೂತು ಅನ್ನ ಕಲಸುತ್ತಾ, "ನಾಳೆ ಸೊಪ್ಪು ತರೋಕೆ ದುಡ್ಡು ಐತೆ. ನಾಳಿದ್ದಿಗೂ ಐತೆ. ಇನ್ನೆರಡು ಸಲ ಹಿಂಗೇ ನೆಂದ್ರೆ ಬುಟ್ಟಿ ಮಗುಚಿ ಮನೇಲಿ ಕೂರಬೇಕು. ಛತ್ರಿ ಬೇಕೇಬೇಕು ಕಣೆ," ಎಂದಳು. ಒಂದು ತುತ್ತು ನುಂಗಿ, "ಆ ದುಡ್ಡು ವಾಪಸ್ ಬರ್ತದಾ?" ಎಂದಳು.

ಚೀಟಿಯ ದುಡ್ಡು ಒಂದೇ ಸಲ ಬರುವಂಥದು. ಮಳೆಗಾಲ ಬಾಗಿಲಿಗೆ ಬಂದಿತ್ತು.

ಬೆಳಿಗ್ಗೆ ಮಾರ್ಕೆಟ್ಟಿನಿಂದಲೇ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿದಳು. "ನಮಸ್ಕಾರ, ನಾನು ಸ್ಫೂರ್ತಿ. ನಿಮಗೆ ಹೇಗೆ ಸಹಾಯ ಮಾಡಲಿ ಮೇಡಂ?" ಬರೆದದ್ದನ್ನು ಓದುವ ದನಿ. ವಿಷಯ ಹೇಳಿದೆ. ಲೈನಿನಲ್ಲೇ ಇರಿ ಎಂದಳು. ಒಂದು ಕೊಳಲಿನ ರಾಗ ಸುತ್ತಿಸುತ್ತಿ ಬಂತು. ರಾಗ ಮುಗಿದು ಮತ್ತೆ ಶುರುವಾಗುವ ಮುನ್ನ ಸ್ವಲ್ಪ ಬಿಡುವು ಇರುತ್ತಿತ್ತು. ನಾನು ಅದಕ್ಕೇ ಕಿವಿ ಕೊಟ್ಟು ಕೂತಿದ್ದೆ.

"ಮೇಡಂ, ನಮ್ಮ ದಾಖಲೆಯ ಪ್ರಕಾರ ಛತ್ರಿ ನಿಮಗೆ ತಲುಪಿದೆ."

"ತಲುಪಿಲ್ಲ."

"ನೀವೇ ಐದು ಸ್ಟಾರ್ ಕೊಟ್ಟಿದ್ದೀರಿ ಮೇಡಂ. 'ನೆರಳು ತುಂಬಾ ಚೆನ್ನಾಗೈತೆ, ನಿಮ್ಮ ಹೊಟ್ಟೆ ತಣ್ಣಗಿರಲಿ' ಎಂದು ಬರೆದಿದ್ದೀರಿ."

ಇದಕ್ಕೆ ಏನು ಹೇಳಬೇಕು? ನೆರಳು ಮೊದಲು ಬರುತ್ತದೆ ಎಂದು ಊರಿನ ಹೊರಗಿನವರಿಗೆ ವಿವರಿಸುವುದು ನಮಗೆ ಅಭ್ಯಾಸವಿಲ್ಲ. ನೀರು ಕೆಳಗೆ ಹರಿಯುತ್ತದೆ ಎಂದು ಯಾರು ಯಾರಿಗೆ ವಿವರಿಸುತ್ತಾರೆ? ನಾನು ಸುಮ್ಮನಾದೆ. ಫೋನ್ ಜೋರಾಗಿಟ್ಟಿದ್ದೆ, ಎಲ್ಲರಿಗೂ ಕೇಳುತ್ತಿತ್ತು. ದೊಡ್ಡಮ್ಮ ಹಣೆ ಹಣೆ ಬಡಿದುಕೊಂಡಳು. ಜವರಪ್ಪ ನಗುತ್ತಾ, "ಹೊಟ್ಟೆ ತಣ್ಣಗಾಗಿರೋದು ಅವರದ್ದೇ ಕಣಕ್ಕ," ಎಂದ.

ನನ್ನ ಮೌನ ಮುಂದುವರಿಯಿತು. ಅದು ಉಪಾಯವೇನೂ ಅಲ್ಲ, ನನ್ನ ಸ್ವಭಾವ. ಆದರೆ ದಿನವಿಡೀ ಬೈಸಿಕೊಳ್ಳುವವಳಿಗೆ ಬೈಯದೆ ಫೋನ್ ಹಿಡಿದು ಕೂತವಳು ಹೊಸಬಳು ಅನ್ನಿಸಿರಬೇಕು.

"ಮೇಡಂ, ಇದ್ದೀರಾ?"

"ಇದ್ದೀನಿ."

"ಏನಾದರೂ ಹೇಳಿ ಮೇಡಂ."

"ಯೋಚನೆ ಮಾಡ್ತಿದ್ದೀನಿ."

ಆ ಕಡೆ ಕೀಲಿಮಣೆಯ ಸದ್ದು ಬಂತು. ಆಮೇಲೆ ಬೇರೆ ದನಿಯಲ್ಲಿ, ಅವಳ ಮನೆಯಲ್ಲಿ ಅವಳು ಮಾತಾಡುವ ದನಿಯಿರಬೇಕು, ಮೆಲ್ಲಗೆ ಹೇಳಿದಳು: "ತಲುಪಿಸಿದ್ದಕ್ಕೆ ಪುರಾವೆ ಅಂತ ಆ ತಂಪುಕೂಟದವರು ಬೇರೇನೂ ಕೊಟ್ಟಿಲ್ಲ. ನೀವು ಹಾಕಿದ್ರಲ್ಲ, ಅದೇ ಫೋಟೋ ಕೊಟ್ಟಿದ್ದಾರೆ."

ನಾನು ಆ ಫೋಟೋ ತೆಗೆದು ನೋಡಿದೆ. ಸೊಪ್ಪಿನ ಮೇಲೆ ದುಂಡು ನೆರಳು. ದೊಡ್ಡಮ್ಮನ ಮೊಣಕಾಲು. ನೆರಳಿನಿಂದ ನಮ್ಮ ಕಡೆಗೆ ಓಡಿ ಬಂದ ಕೋಲಿನ ಕಪ್ಪು ಗೆರೆ. ಆ ಗೆರೆಯನ್ನು ಕಣ್ಣಿನಲ್ಲೇ ಹಿಡಿದುಕೊಂಡು ಅದು ನೆಲದಲ್ಲಿ ಶುರುವಾಗುವ ಜಾಗಕ್ಕೆ ಹೋದೆ.

"ಆ ಫೋಟೋ ನಿಮ್ಮ ಮುಂದೆ ಇದೆಯಾ?"

"ಇದೆ. ನೆರಳು ಕಾಣುತ್ತಲ್ಲ ಮೇಡಂ. ಛತ್ರಿ ಮೇಲಿರುತ್ತೆ, ಫೋಟೋದಲ್ಲಿ ಬಂದಿಲ್ಲ."

"ಸರಿ. ಕೋಲಿನ ನೆರಳು ಕಾಣ್ತಿದೆಯಾ?"

"ಕಾಣ್ತಿದೆ."

"ಅದು ಶುರುವಾಗೋ ಜಾಗದಲ್ಲಿ ಕೋಲಿನ ಬುಡ ಇರಬೇಕು. ಅಲ್ಲಿ ಏನಿದೆ?"

ಅವಳು ಫೋಟೋವನ್ನು ದೊಡ್ಡದು ಮಾಡುತ್ತಿದ್ದಾಳೆ ಎಂದು ಊಹಿಸಿಕೊಂಡೆ. ಜವರಪ್ಪ ನಿಂಬೆಹಣ್ಣು ಉರುಳಿಸುವುದನ್ನು ನಿಲ್ಲಿಸಿದ. ಹೂವಿನವಳು ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ಉಳಿದಳು.

"ಟೀ ಲೋಟ," ಎಂದಳು ಸ್ಫೂರ್ತಿ.

"ನಮ್ಮ ದೊಡ್ಡಮ್ಮನದು."

"ಅರ್ಧ ಟೀ ಇದೆ."

"ಸಕ್ಕರೆ ಕಮ್ಮಿ ಆಗಿತ್ತು ಕಣವ್ವ, ಅದಕ್ಕೇ ಬುಟ್ಟಿದ್ದೆ," ದೊಡ್ಡಮ್ಮ ಫೋನಿಗೆ ಬಗ್ಗಿ ಹೇಳಿದಳು.

ಆ ಕಡೆಯಿಂದ ನಗುವನ್ನು ತಡೆದುಕೊಂಡ ಸದ್ದು ಬಂತು. ಕೋಲಿನ ನೆರಳಿದೆ, ಕೋಲಿಲ್ಲ, ಇದು ಹೇಗೆ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಅದಕ್ಕಾಗಿ ನನಗೆ ಅವಳ ಮೇಲೆ ಗೌರವ ಹುಟ್ಟಿತು. ಮತ್ತೆ ಓದುವ ದನಿ ತಂದುಕೊಂಡು, "ಮೇಡಂ, ಛತ್ರಿ ತಲುಪಿಲ್ಲ ಎಂದು ನಮೂದಿಸುತ್ತೇನೆ. ಆದರೆ ಇದೇ ಮಾರಾಟಗಾರರಿಂದ ನಿಮ್ಮ ಊರಿನವರು ತುಂಬಾ ಜನ ಇದೇ ಛತ್ರಿ ತರಿಸಿದ್ದಾರೆ. ಎಲ್ಲ ಫೋಟೋಗಳೂ ಹೀಗೇ ಇವೆ. ನಿಮ್ಮ ದೂರು ದಾಖಲಾದರೆ ಎಲ್ಲರ ಹಣವೂ ಒಟ್ಟಿಗೆ ವಾಪಸ್ ಬರುತ್ತದೆ. ಮುಂದುವರಿಸಲೇ?" ಎಂದಳು.

ಸಾಲಿನಲ್ಲಿ ಯಾರೋ ಸಂತೋಷದಿಂದ "ಹೋ" ಎಂದರು. ಆದರೆ ಜವರಪ್ಪ ಎದ್ದು ನಿಂತ.

"ತಡಿ ಮಗಳೇ. ನನ್ನ ದುಡ್ಡು ವಾಪಸ್ ಬಂದ್ರೆ ನನ್ನ ನೆರಳು ಹೋಯ್ತದೆ."

"ಮಳೆಗೆ ನೆರಳು ಇಟ್ಕೊಂಡು ಏನ್ ಮಾಡ್ತೀಯೋ?" ಎಂದಳು ದೊಡ್ಡಮ್ಮ.

"ಮಳೆ ನಿನ್ನ ಸೊಪ್ಪಿಗೆ ಕಣಕ್ಕ. ನಿಂಬೆಹಣ್ಣು ನೆಂದ್ರೆ ಹೊಳಪು ಬರ್ತದೆ. ನಂಗೆ ಬಿಸಿಲದ್ದೇ ತಾಪತ್ರಯ. ಮಡಚಂಗಿಲ್ಲ, ಹೊರಂಗಿಲ್ಲ, ಇಂಥ ನೆರಳು ಎಲ್ಲಿ ಸಿಗ್ತದೆ? ನಾನು ಒಪ್ಪಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. "ಮೇಡಂ, ಮುಂದುವರಿಸಲೇ?" ಎಂದು ಸ್ಫೂರ್ತಿ ಮತ್ತೆ ಕೇಳಿದಳು. ಲೈನಿನಲ್ಲೇ ಇರಿ ಎಂದು ಈ ಸಲ ನಾನು ಹೇಳಿದೆ. ನಮ್ಮಲ್ಲಿ ಕೊಳಲಿರಲಿಲ್ಲ. ಸೌತೆಕಾಯಿಯವನು ಕೂಗುವುದನ್ನು ಅವಳು ಕೇಳಿಸಿಕೊಂಡಿರಬೇಕು.

ದೊಡ್ಡಮ್ಮ ಜವರಪ್ಪನನ್ನು, ಅವನ ನೆರಳನ್ನು, ಅವನ ಒಂದೇ ಒಂದು ಬುಟ್ಟಿಯನ್ನು ನೋಡಿದಳು. ಗಿರಾಕಿ ಬೆಲೆ ಕೇಳಿದಾಗ ಅವಳು ಲೆಕ್ಕ ಹಾಕುವ ನೋಟ ಅದು.

"ನಿನ್ನ ಬುಟ್ಟಿಗೆ ಎಷ್ಟು ಜಾಗ ಬೇಕೋ? ನಾನು ಛತ್ರಿ ತಂದ ಮೇಲೆ ಈ ಮಗ್ಗುಲು ನಿಂದು. ಬಿಸಿಲಿರೋಗಂಟ ಕೂತ್ಕೊ. ಬಾಡಿಗೆ ಕೇಳಲ್ಲ."

"ಮುಂದಿನ ಬೇಸಿಗೇಲೂವಾ?"

"ಮುಂದಿನ ಬೇಸಿಗೇಲೂ."

"ಮಾತಿಗೆ ತಪ್ಪಿದ್ರೆ?"

"ತಪ್ಪಿದ್ರೆ ನಂಗೆ ಒಂದೇ ಸ್ಟಾರ್ ಕೊಡು."

ಸಾಲಿನವರೆಲ್ಲ ನಕ್ಕರು. ಜವರಪ್ಪ ನಗು ಬಾರದವನಂತೆ ಮುಖ ಮಾಡಿಕೊಂಡು ಕೂತ. ಕೂತ ಮೇಲೆ ಮೂಗಿನ ತುದಿ ಉಜ್ಜಿಕೊಂಡು, "ಹೂಂ ಅಂತ ಹೇಳಮ್ಮ ಆ ಹುಡುಗಿಗೆ. ಪಾಪ, ಎಷ್ಟೊತ್ತು ಕಾಯ್ತದೆ," ಎಂದ.

ದುಡ್ಡು ವಾಪಸ್ ಬಂದದ್ದು ಆ ವಾರದ ಕೊನೆಗೆ, ಸುಡುವ ಮಧ್ಯಾಹ್ನ. ಮೊದಲು ನನ್ನ ಫೋನು ಟಿಂಗ್ ಎಂದಿತು. ಸೊಪ್ಪಿನ ಮೇಲಿದ್ದ ನೆರಳು ಅಂಚಿನಿಂದ ಎದ್ದು, ಒಣಗಿಸಿದ ಸೀರೆಯನ್ನು ಯಾರೋ ಎಳೆದುಕೊಂಡ ಹಾಗೆ ಹೊರಟುಹೋಯಿತು. ಬಿಸಿಲು ಧಡಕ್ಕನೆ ಬಿತ್ತು. ಹಿಂದೆಯೇ ಜವರಪ್ಪನದು, ಹೂವಿನವಳದು, ಬಳೆಯವನದು. ಫೋನುಗಳು ಸಾಲಿನುದ್ದಕ್ಕೂ ಟಿಂಗ್ ಟಿಂಗ್ ಎನ್ನುತ್ತಾ ಹೋದವು, ನೆರಳುಗಳು ಒಂದೊಂದಾಗಿ ಏಳುತ್ತಾ ಹೋದವು. ಜನ ಕಣ್ಣು ಕಿರಿದು ಮಾಡಿಕೊಂಡು ಒಬ್ಬರನ್ನೊಬ್ಬರು ನೋಡಿದರು. ದುಡ್ಡು ಬಂದ ಸಂತೋಷಕ್ಕೂ ತಲೆ ಸುಡುವ ಸಂಕಟಕ್ಕೂ ಒಂದೇ ಮುಖ ಸಾಲದೆ ಅವರು ಪಟ್ಟ ಪಾಡು ನೋಡಿ ನನಗೆ ನಗು ಬಂತು. ನಾನು ಜೋರಾಗಿ ನಗುವುದು ಅಪರೂಪ; ದೊಡ್ಡಮ್ಮ ತಿರುಗಿ ನೋಡಿದಳು.

"ನಗ್ತಾ ಕೂತ್ಕೋಬ್ಯಾಡ. ಸೊಪ್ಪು ಬಾಡ್ತದೆ. ನಡಿ," ಎಂದಳು.

ಖುದ್ದೂಸ್ ಸಾಬರ ಅಂಗಡಿಯ ಮುಂದೆ ಇಡೀ ಸಾಲೇ ಸೇರಿತ್ತು. ಅವರು ಕನ್ನಡಕ ಸರಿಪಡಿಸಿಕೊಂಡು, "ಬನ್ನಿ ಪುಟ್ಟತಾಯಮ್ಮೋರೆ. ನೆರಳು ಒಂದೇ ಕೊಡ್ಲಾ, ಛತ್ರಿನೂ ಬೇಕಾ?" ಎಂದರು.

"ಛತ್ರಿ ಕೊಡಿ ಸಾಬ್ರೆ. ನೆರಳು ಅದರ ಪಾಡಿಗೆ ಬರ್ತದೆ."

"ಇನ್ನೂರು ಜಾಸ್ತಿ ಆಗ್ತದೆ."

"ಅದು ನಾನು ನಿಮಗೆ ಕಟ್ಟಬೇಕಾದ ದಂಡ ಅಂದ್ಕೊಳ್ಳಿ."

ಸಾಬರು ತಮ್ಮ ಫೋನಿಗೆ ಬಂದ ದುಡ್ಡನ್ನು ನೋಡಿ, ಗಲ್ಲಾದಿಂದ ನೂರನ್ನು ವಾಪಸ್ ಕೊಟ್ಟರು. ನಾನೂ ದೊಡ್ಡಮ್ಮನೂ ಆ ಉದ್ದನೆಯ ಛತ್ರಿಯನ್ನು ಹೆಗಲ ಮೇಲೆ ಹೊತ್ತು ಬರುವಷ್ಟರಲ್ಲಿ ಅದರ ನೆರಳು ನಮಗಿಂತ ಮೊದಲೇ ಬಂದು ಸೊಪ್ಪಿನ ಮೇಲೆ ಕೂತಿತ್ತು. ಜವರಪ್ಪನ ನಿಂಬೆಹಣ್ಣಿನ ಬುಟ್ಟಿಯೂ ಅಷ್ಟರಲ್ಲಿ ಬಂದು ಅದರ ಒಂದು ಮಗ್ಗುಲಲ್ಲಿ ಕೂತಿತ್ತು. ವಾಪಸ್ ಬಂದ ದುಡ್ಡಿದ್ದ ಫೋನನ್ನು ಅವನು ಜೇಬಿನಿಂದ ತೆಗೆದೇ ಇರಲಿಲ್ಲ.

"ಜಾಗ ಸರಿಯಾಗೈತಾ ಯಜಮಾನ್ರೆ?" ಎಂದಳು ದೊಡ್ಡಮ್ಮ.

"ಸ್ವಲ್ಪ ಇಕ್ಕಟ್ಟು. ಅಡ್ಜಸ್ಟ್ ಮಾಡ್ಕೋತೀನಿ ಬಿಡಕ್ಕ," ಎಂದ ಅವನು. ಕೋಲಿನ ಬುಡವನ್ನು ಗೆರೆ ಶುರುವಾಗುವ ಜಾಗಕ್ಕೇ ಸರಿಯಾಗಿ ನೆಟ್ಟೆವು. ಮೇಲೆ ನೋಡಿದೆ. ಬಹಳ ದಿನದ ಮೇಲೆ ಆಕಾಶದ ಬದಲು ಬಟ್ಟೆ ಕಾಣಿಸಿತು.

ಎರಡನೆಯ ಮಳೆ ಬಂದಾಗ ನಾವು ಮೂವರೂ ಅದರ ಕೆಳಗಿದ್ದೆವು. ದಾರಿಹೋಕರು ಇಬ್ಬರು ಓಡಿಬಂದು ಸೇರಿಕೊಂಡರು. ಸುಮ್ಮನೆ ನಿಲ್ಲಲು ನಾಚಿಕೆಯಾಗಿ ಒಂದೊಂದು ಕಂತೆ ಸೊಪ್ಪು ಕೊಂಡರು. ಜವರಪ್ಪ ತನ್ನ ಹಣ್ಣಿಗೆ ಹೊಳಪು ತಪ್ಪಿಹೋಯಿತೆಂದು ಗೊಣಗುತ್ತಾ ಬುಟ್ಟಿಯನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡ. ಆಗ ನನಗೊಂದು ಫೋನ್ ಬಂತು.

"ನಮಸ್ಕಾರ ಮೇಡಂ, ನಾನು ಸ್ಫೂರ್ತಿ. ನಿಮ್ಮ ಹಣ ತಲುಪಿದೆಯೇ ಎಂದು ತಿಳಿಯಲು ಕರೆ ಮಾಡಿದ್ದೇನೆ. ನಮ್ಮ ಸೇವೆಗೆ ಒಂದರಿಂದ ಐದರವರೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?"

ನಾನು ದೊಡ್ಡಮ್ಮನ ಕಡೆ ನೋಡಿದೆ.

"ಅವಸರ ಬ್ಯಾಡ ಅನ್ನು," ಎಂದಳು ದೊಡ್ಡಮ್ಮ. "ಈ ಮಳೆ ಪೂರ್ತಿ ಬಂದು ಹೋಗ್ಲಿ. ಕೆಳಗೆ ಒಂದು ಹನಿ ಇಳೀದೆ ಇದ್ರೆ ಆಗ ಹೇಳ್ತೀನಿ."

"ಅವರು ಕೇಳ್ತಿರೋದು ಛತ್ರಿಗಲ್ಲ ದೊಡ್ಡಮ್ಮ, ಅವರ ಕೆಲಸಕ್ಕೆ."

"ಎಲ್ಲಾ ಒಂದೇ. ಅವಳಿಗೂ ಕೇಳಿಸು."

ನಾನು ಫೋನನ್ನು ಮೇಲೆತ್ತಿ ಛತ್ರಿಯ ಬಟ್ಟೆಯ ಹತ್ತಿರ ಹಿಡಿದೆ. ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ತೋಳು ನೋಯುವವರೆಗೂ ಹಿಡಿದು ಕಿವಿಗೆ ತಂದುಕೊಂಡೆ. ಆ ಕಡೆ ಏನೂ ಸದ್ದಿಲ್ಲ. ಕಡಿದುಹೋಯಿತೇನೋ ಅಂದುಕೊಂಡೆ.

"ಇದ್ದೀರಾ?" ಎಂದೆ.

"ಇದ್ದೀನಿ," ಎಂದಳು. ಮನೆಯ ದನಿ. "ನಮ್ಮ ಕಡೆ ಇನ್ನೂ ಮಳೆನೇ ಬಂದಿಲ್ಲ ಮೇಡಂ. ಸ್ವಲ್ಪ ಹೊತ್ತು ಲೈನಿನಲ್ಲೇ ಇರ್ತೀರಾ?"

ನಾನು ಮತ್ತೆ ಕೈ ಎತ್ತಿದೆ.

"ಏನಂತೆ?" ಎಂದಳು ದೊಡ್ಡಮ್ಮ.

"ಇನ್ನೂ ಕೇಳಬೇಕಂತೆ."

"ಕೇಳಲಿ ಬಿಡು," ಎನ್ನುತ್ತಾ ಅವಳು ತನ್ನ ಟೀ ಲೋಟವನ್ನು ಕೋಲಿನ ಬುಡಕ್ಕೆ ಒತ್ತರಿಸಿಟ್ಟಳು.